ಕೆರೆಯ ತಳದ ಊರು

ಹಳಗನ್ನಡದಲ್ಲಿ 'ನಲ್' ಎಂದರೆ ಒಳ್ಳೆಯದು. ಆ ಲೆಕ್ಕದಲ್ಲಿ ನಲ್ಲೂರೆಂದರೆ ಒಳ್ಳೆಯ ಊರು. ಚನ್ನಗಿರಿ ತಾಲ್ಲೂಕಿನ ನಲ್ಲೂರಿಗೆ ಹಗಲಿನಲ್ಲಿ ಬಂದಿಳಿಯುವ ಪ್ರವಾಸಿಗೆ ಈ ಹೆಸರು ಸುಳ್ಳೆನಿಸುವುದಿಲ್ಲ. ಮಲೆನಾಡಿನ ಮಳೆ ಮುಗಿದು ಬಯಲುಸೀಮೆಯ ಬಿಸಿಲು ಮೊದಲಾಗುವ ಅಂಚಿನ ನೆಲವಿದು. ಅಡಕೆಯ ತೋಟಗಳು, ನಡುನಡುವೆ ಬತ್ತದ ಗದ್ದೆಗಳು, ದೂರದಲ್ಲಿ ಕುರುಚಲು ಗುಡ್ಡಗಳು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಚನ್ನಗಿರಿಯ ಸೀಮೆಯೆಲ್ಲ ಶಿವಮೊಗ್ಗಕ್ಕೆ ಸೇರಿತ್ತು. ಲೆಕ್ಕಪತ್ರದಲ್ಲಿ ಜಿಲ್ಲೆ ಬದಲಾಯಿತೇ ಹೊರತು, ನೆಲದ ಗುಣವಾಗಲಿ ಜನರ ಕಥೆಗಳಾಗಲಿ ಬದಲಾಗಲಿಲ್ಲ.

ಈ ಸೀಮೆಯಲ್ಲಿ ಕಥೆಗೆ ಒಂದು ಋತುವೇ ಇದೆ. ಮಳೆಗಾಲ ಹಿಂದೆ ಸರಿದು ಅಡಕೆಯ ಕೊಯ್ಲು ಬಂದಿತೆಂದರೆ ಹಗಲಿನ ಕೆಲಸ ಇರುಳಿಗೂ ಚಾಚಿಕೊಳ್ಳುತ್ತದೆ. ಕಾಯಿ ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಹರವಿ ಒಣಗಿಸಬೇಕು. ಈಗ ಸುಲಿಯುವ ಯಂತ್ರಗಳು ಬಂದಿವೆ. ಅವು ಬರುವ ಮುನ್ನ ಮೆಟ್ಟುಗತ್ತಿಯ ಮುಂದೆ ಹತ್ತಾರು ಜನ ಸಾಲಾಗಿ ಕುಳಿತು ಸುಲಿಯುತ್ತಿದ್ದ ರಾತ್ರಿಗಳಲ್ಲಿ ನಿದ್ದೆಯನ್ನು ದೂರವಿಡಲು ಕಥೆಗಿಂತ ಒಳ್ಳೆಯ ಮದ್ದು ಬೇರೊಂದಿರಲಿಲ್ಲ. ಆ ಕಥೆಗಳಲ್ಲಿ ದೆವ್ವವಿರಬೇಕು, ಇಲ್ಲವೇ ಹೂತಿಟ್ಟ ನಿಧಿಯಿರಬೇಕು. ಎರಡೂ ಇಲ್ಲದ ಕಥೆಗೆ ಕಣ್ಣು ಮುಚ್ಚಿಬರುತ್ತಿತ್ತು.

ಇಂಗ್ಲಿಷಿನಲ್ಲಿ 'ಗಾಥಿಕ್' ಎಂದೂ 'ಫ್ಯಾಂಟಸಿ' ಎಂದೂ ಕರೆಸಿಕೊಳ್ಳುವ ಕಾದಂಬರಿಗಳನ್ನು ಒಂದರ ಮೇಲೊಂದು ಓದಿ ಮುಗಿಸಿ, ಆ ಗುಂಗಿನಲ್ಲಿಯೇ ನಲ್ಲೂರಿನ ಸುತ್ತ ಅಡ್ಡಾಡಲು ಬರುವ ಓದುಗನಿಗೆ ಇಲ್ಲೊಂದು ಸೋಜಿಗ ಕಾದಿರುತ್ತದೆ. ಪುಸ್ತಕದಲ್ಲಿ ಕಂಡ ಪಾಳುಕೋಟೆ, ಮುಳುಗಿದ ನಗರ, ನೊಂದ ಹೆಣ್ಣು, ಮಾತಿಗೆ ಕಟ್ಟುಬಿದ್ದ ಶಾಪ ಎಲ್ಲವೂ ಕೆಲವೇ ಹರಿದಾರಿಗಳ ಒಳಗೆ ಅವನಿಗೆ ಎದುರಾಗುತ್ತವೆ.

ಗಾಥಿಕ್ ಕಾದಂಬರಿಯ ಹುಟ್ಟು ಕಟ್ಟಡವೊಂದರಿಂದಲೇ ಆಯಿತು. ಇಂಗ್ಲೆಂಡಿನ ಹೊರೇಸ್ ವಾಲ್ಪೋಲನು 1764ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಎಂಬ ಕಥೆಯನ್ನು ಪ್ರಕಟಿಸಿದಾಗ, ಅದು ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದವೆಂದು ನಟಿಸಿದ್ದನು. ಓದುಗರು ಮೆಚ್ಚಿದ ಮೇಲೆ ಎರಡನೆಯ ಮುದ್ರಣದಲ್ಲಿ ನಿಜವನ್ನು ಒಪ್ಪಿಕೊಂಡು 'ಒಂದು ಗಾಥಿಕ್ ಕಥೆ' ಎಂದು ಸೇರಿಸಿದನು. ಅಜ್ಜನು ಅನ್ಯಾಯದಿಂದ ಗಳಿಸಿದ ಕೋಟೆ ಮೊಮ್ಮಗನ ತಲೆಯ ಮೇಲೆ ಕುಸಿಯುವುದೇ ಆ ಕಥೆಯ ತಿರುಳು. ಅನಂತರ ಬಂದ ನೂರಾರು ಪುಸ್ತಕಗಳು ಇದೇ ಬೀಜದಿಂದ ಮೊಳೆತವು.

ಪ್ರಕೃತಿಯೂ ಈ ಬಗೆಯ ಸಾಹಿತ್ಯಕ್ಕೆ ನೀರೆರೆಯಿತು. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದು, ಅದರ ಧೂಳು ಆಕಾಶವನ್ನು ಮುಸುಕಿತು. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಬೈರನ್ ಕವಿ ಮತ್ತು ಅವನ ಗೆಳೆಯರು ಬಿಡದ ಮಳೆಯಲ್ಲಿ ಮನೆಯೊಳಗೆ ಸಿಕ್ಕಿಬಿದ್ದು, ತಲೆಗೊಂದು ದೆವ್ವದ ಕಥೆ ಬರೆಯುವ ಪಂಥ ಕಟ್ಟಿದರು. ಆ ಮಳೆಯಿಂದ ಹುಟ್ಟಿದ್ದು 1818ರಲ್ಲಿ ಅಚ್ಚಾದ ಮೇರಿ ಷೆಲ್ಲಿಯ 'ಫ್ರಾಂಕೆನ್‌ಸ್ಟೈನ್'. ಅಡಕೆ ಸುಲಿಯುವ ಇರುಳಿಗೂ ಜಿನೀವಾದ ಆ ಇರುಳಿಗೂ ಹೆಚ್ಚು ಅಂತರವಿಲ್ಲ. ಹೊರಗೆ ಕತ್ತಲೆ, ಒಳಗೆ ದೀಪ, ಸುತ್ತ ಪರಿಚಿತ ಮುಖಗಳು. ಇಷ್ಟಿದ್ದರೆ ಮನುಷ್ಯನು ಹೆದರಲು ಹಂಬಲಿಸುತ್ತಾನೆ.

ಈ ಹಂಬಲದೊಳಗೂ ಒಂದು ಭೇದವುಂಟೆಂದು ತೋರಿಸಿದವಳು ಆನ್ ರ್ಯಾಡ್‌ಕ್ಲಿಫ್. ಅವಳು ತೀರಿಕೊಂಡ ಮೇಲೆ, 1826ರಲ್ಲಿ, ಬೆಳಕಿಗೆ ಬಂದ ಬರಹವೊಂದರಲ್ಲಿ ಭಯವನ್ನೂ ಬೀಭತ್ಸವನ್ನೂ ಅವಳು ಬೇರ್ಪಡಿಸಿದ್ದಾಳೆ. ಭಯವು ಆತ್ಮವನ್ನು ಹಿಗ್ಗಿಸಿ ಎಚ್ಚರಿಸುತ್ತದೆ, ಬೀಭತ್ಸವು ಅದನ್ನು ಕುಗ್ಗಿಸಿ ಮರಗಟ್ಟಿಸುತ್ತದೆ ಎಂಬುದು ಅವಳ ಮಾತಿನ ಸಾರ. ನಮ್ಮ ಅಲಂಕಾರಿಕರೂ ಭಯಾನಕ, ಬೀಭತ್ಸಗಳನ್ನು ಎರಡು ಬೇರೆ ರಸಗಳೆಂದೇ ಎಣಿಸಿದರಲ್ಲವೆ?

ಆ ಭೇದವನ್ನು ಕಣ್ಣಾರೆ ಅರಿಯಬೇಕೆಂದರೆ ಸಂತೇಬೆನ್ನೂರಿಗೆ ಹೋಗಬೇಕು. 16ನೆಯ ಶತಮಾನದಲ್ಲಿ ಅಲ್ಲಿಯ ಪಾಳೆಯಗಾರ ಕೆಂಗ ಹನುಮಪ್ಪನಾಯಕನು ಕಟ್ಟಿಸಿದ ಪುಷ್ಕರಿಣಿ ಇಂದಿಗೂ ನೀರು ತುಂಬಿ ನಿಂತಿದೆ. ನಾಲ್ಕು ಕಡೆಯೂ ಮೆಟ್ಟಿಲುಗಳು, ಅಂಚಿನಲ್ಲಿ ಪುಟ್ಟ ಮಂಟಪಗಳು, ನಟ್ಟನಡುವೆ ವಸಂತಮಂಟಪ. ದಡದಲ್ಲಿರುವುದು ಮುಸಾಫಿರ್‌ಖಾನೆ. 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ದಂಡು ಇಲ್ಲಿಗೆ ಬಂದು, ರಂಗನಾಥನ ಗುಡಿ ಇದ್ದ ಎಡೆಯಲ್ಲಿ ಈ ಕಟ್ಟಡವೆದ್ದಿತೆಂದು ಹೇಳುತ್ತಾರೆ. ದೇವರ ಮೂರ್ತಿ ಚನ್ನಗಿರಿಯ ಕೋಟೆಯನ್ನು ಸೇರಿತೆಂಬುದು ಊರವರ ನಂಬಿಕೆ. ಸಂಜೆಯ ಹೊತ್ತು ಗಾಳಿ ನಿಂತಾಗ ವಸಂತಮಂಟಪದ ನೆರಳೂ ಮುಸಾಫಿರ್‌ಖಾನೆಯ ನೆರಳೂ ಒಂದೇ ನೀರಿನಲ್ಲಿ ಮೂಡುತ್ತವೆ. ಅಲ್ಲಿ ರಕ್ತವಿಲ್ಲ, ಚೀತ್ಕಾರವಿಲ್ಲ. ಆದರೂ ಮೆಟ್ಟಿಲಿನ ಮೇಲೆ ಕುಳಿತವನು ದನಿ ತಗ್ಗಿಸಿ ಮಾತನಾಡುತ್ತಾನೆ. ಭಯವು ಆತ್ಮವನ್ನು ಎಚ್ಚರಿಸುವುದೆಂದರೆ ಇದೇ ಇರಬೇಕು.

ಇಂತಹ ಕಥೆಗಳು ಕನ್ನಡಕ್ಕೆ ಹೊರಗಿನಿಂದ ಬಂದ ಸರಕೆಂದು ಯಾರಾದರೂ ತಿಳಿದಿದ್ದರೆ ಜನ್ನನನ್ನು ಓದಬೇಕು. 1209ರಲ್ಲಿ ಅವನು ಬರೆದ 'ಯಶೋಧರ ಚರಿತೆ' ಬಲಿಗಾಗಿ ಪ್ರಾಣಿಗಳನ್ನು ಕಲೆಹಾಕಿರುವ ಮಾರಿಗುಡಿಯ ಮುಂದೆ ತೆರೆದುಕೊಳ್ಳುತ್ತದೆ. ಇಬ್ಬರು ಎಳೆಯರನ್ನು ಬಲಿಗೆಂದು ಎಳೆತಂದಿದ್ದಾರೆ. ಆ ಎಳೆಯರು ಹೆದರದೆ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳತೊಡಗುತ್ತಾರೆ. ಅರಸಿ ಅಮೃತಮತಿ ಇರುಳಿನ ಹಾಡೊಂದಕ್ಕೆ ಮನಸೋತು, ವಿಕಾರರೂಪಿನ ಮಾವುತನೆಡೆಗೆ ಕತ್ತಲೆಯಲ್ಲಿ ನಡೆಯುತ್ತಾಳೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಒಂದು ಸಂಕಲ್ಪ ತಾಯಿಮಗನನ್ನು ಜನ್ಮಜನ್ಮಾಂತರಕ್ಕೆ ಅಟ್ಟುತ್ತದೆ. ವಾಲ್ಪೋಲನು ಹುಟ್ಟುವುದಕ್ಕೆ ಐದು ನೂರು ವರ್ಷ ಮೊದಲೇ ಕನ್ನಡದ ಓದುಗನು ಈ ಕತ್ತಲೆಯಲ್ಲಿ ಕೈಹಿಡಿದು ನಡೆದಿದ್ದಾನೆ.

ಚನ್ನಗಿರಿಯ ಬೆಟ್ಟದ ಕೋಟೆಯನ್ನೇರುವವನಿಗೆ ಇನ್ನೊಬ್ಬ ಕಥೆಗಾರನು ನೆನಪಾಗುತ್ತಾನೆ. ಊರಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಬಂದಿದೆಯೆಂಬುದು ಪ್ರತೀತಿ. ಮೂಡಲಿಗೆ ಮುಖ ಮಾಡಿದರೆ ಚಿತ್ರದುರ್ಗದ ಸೀಮೆ. ಆ ದುರ್ಗದ ಕಥೆಯನ್ನು ಮನೆಮನೆಗೆ ಮುಟ್ಟಿಸಿದ ತ.ರಾ. ಸುಬ್ಬರಾಯರು 1920ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಮಲೆಬೆನ್ನೂರಿನಲ್ಲಿ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಅವರ ಕಾದಂಬರಿಗಳ ಹೆಸರುಗಳೇ ಓದುಗನ ಮೈ ನವಿರೇಳಿಸುತ್ತವೆ. ಅವು ಚಾರಿತ್ರಿಕ ಕಾದಂಬರಿಗಳು, ನಿಜ. ಆದರೆ ಕಲ್ಲುಗೋಡೆಯ ಹಿಂದಿನ ಸಂಚು, ದಳವಾಯಿಗಳ ದರ್ಪ, ಅಂತಃಪುರದ ಅಳು, ಸೇಡಿಗೆ ಸೇಡು, ಇವೆಲ್ಲ ವಾಲ್ಪೋಲನ ಕೋಟೆಯ ಬಂಧುಗಳೇ. 1779ರಲ್ಲಿ ಹೈದರಾಲಿಗೆ ಕೋಟೆ ಸೋತ ಕಥೆಯನ್ನು ಹೇಳುವ 'ದುರ್ಗಾಸ್ತಮಾನ'ದಲ್ಲಿ ಮುಂದೇನಾಗುವುದೆಂಬುದು ಓದುಗನಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಪುಟ ತಿರುವಲು ಅಂಜುತ್ತಾನೆ. ದೆವ್ವವಿಲ್ಲದೆಯೂ ಅಂಜಿಸಬಲ್ಲವನೇ ದೊಡ್ಡ ಕಥೆಗಾರ. ಈ ಕೃತಿಗೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಭಯದ ಕಥೆಗಳಿಗೆ ಕೋಟೆ ಬೇಕಾದರೆ ವಿಸ್ಮಯದ ಕಥೆಗಳಿಗೆ ಲೋಕವೇ ಬೇಕು. ಮೂರು ಸಂಪುಟಗಳಲ್ಲಿ 1954-55ರಲ್ಲಿ ಹೊರಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟಾಲ್ಕೀನರು, ಕಥೆಗಾರನು ಎರಡನೆಯದೊಂದು ಲೋಕವನ್ನು ಸೃಷ್ಟಿಸುತ್ತಾನೆ, ಒಳಹೊಕ್ಕ ಓದುಗನು ಅಲ್ಲಿಯ ನಿಯಮಗಳನ್ನು ನಿಜವೆಂದೇ ನಂಬುತ್ತಾನೆ ಎಂದು 1939ರ ಉಪನ್ಯಾಸದಲ್ಲಿ ವಿವರಿಸಿದರು. ಚಂದ್ರಶೇಖರ ಕಂಬಾರರ ಶಿವಾಪುರ ಅಂಥದೇ ಲೋಕ. ಅವರ 'ಸಿಂಗಾರೆವ್ವ ಮತ್ತು ಅರಮನೆ'ಯಲ್ಲಿ ವಿಸ್ಮಯವೂ ಭಯವೂ ಕೂಡಿವೆ. ಸೊರಗಿಹೋದ ದೇಸಗತಿಯ ಅರಮನೆ, ಅದರೊಳಗೆ ಸಿಕ್ಕಿಕೊಂಡ ಹೆಣ್ಣೊಬ್ಬಳು. ಓದಿ ಮುಗಿಸಿದ ಮೇಲೆ ಯಾವ ಹಳೆಯ ವಾಡೆಯ ಮುಂದೆ ನಿಂತರೂ, ಒಳಗೆ ಯಾರ ಬಾಳು ಬತ್ತಿತೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಓದುಗನು ಸೂಳೆಕೆರೆಯ ಏರಿಯ ಮೇಲೆ ನಿಲ್ಲಬೇಕು. ಇದು ಪುಸ್ತಕದ ಕೆರೆಯಲ್ಲ. ಸುಮಾರು 6,500 ಎಕರೆಗಳಷ್ಟು ಹರಹಿನ ನೀರು. ಏಷ್ಯದಲ್ಲಿಯೇ ಎರಡನೆಯ ದೊಡ್ಡ ಕೆರೆಯೆಂದು ಈ ಕಡೆಯ ಜನ ಹೆಮ್ಮೆಯಿಂದ ಹೇಳುತ್ತಾರೆ. ಹರಿದ್ರಾ ಎಂಬ ಹಳ್ಳವನ್ನು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ತಡೆದಿದ್ದಾರೆ. ಕೆರೆಯ ವಿಸ್ತಾರಕ್ಕೆ ಹೋಲಿಸಿದರೆ ಏರಿಯ ಉದ್ದ ಅತ್ಯಲ್ಪ; ಎಲ್ಲಿ ಕಟ್ಟಿದರೆ ಕಡಿಮೆ ಮಣ್ಣಿನಿಂದ ಹೆಚ್ಚು ನೀರು ನಿಲ್ಲುವುದೆಂಬುದನ್ನು ಬಲ್ಲ ಕಣ್ಣು ಆ ಜಾಗವನ್ನು ಆರಿಸಿತು. ಎಂಟು ನೂರು ವರ್ಷಗಳಿಗೂ ಹಿಂದಿನದೆಂದು ಹೇಳುವ ಆ ಏರಿ ಇಂದಿಗೂ ನಿಂತಿದೆ. ದಡದಲ್ಲಿ ಸಿದ್ಧೇಶ್ವರನ ಗುಡಿಯಿದೆ.

ಇಷ್ಟು ಇಂಜಿನಿಯರರ ಮಾತಾಯಿತು. ಜನರ ಕಥೆ ಬೇರೆ. ಈಗ ನೀರಿರುವ ಎಡೆಯಲ್ಲಿ ಹಿಂದೆ ಸ್ವರ್ಗಾವತಿಯೆಂಬ ಪಟ್ಟಣವಿತ್ತು. ಅಲ್ಲಿಯ ಅರಸನ ಮಗಳು ಶಾಂತವ್ವ. ಅವಳು ತನ್ನ ಮೇಲೆ ಬಂದ ದೋಷವನ್ನು ತೊಳೆದುಕೊಳ್ಳಲು ಕೆರೆ ಕಟ್ಟಿಸಲು ಹೊರಟಳು. ಕೆರೆಗೆ ತಕ್ಕ ನೆಲದಲ್ಲಿ ಗಣಿಕೆಯರ ಕೇರಿಯಿತ್ತು. ರಾಜಪುತ್ರಿ ಅವರನ್ನು ಬೇಡಿಕೊಂಡಳು. ನೆಲ ಬಿಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರಿರಬೇಕು ಎಂದು ಅವರು ಕೇಳಿದರು, ಶಾಂತವ್ವ ಒಪ್ಪಿದಳು. ಪಾಠಾಂತರಗಳು ಹಲವಿದ್ದರೂ ಈ ಒಪ್ಪಂದವೇ ಕಥೆಯ ಜೀವ.

'ಕೆರೆಗೆ ಹಾರ'ದ ಭಾಗೀರಥಿಯನ್ನು ಬಲ್ಲ ಕನ್ನಡಿಗನಿಗೆ ಕೆರೆಯೆಂದರೆ ಬಲಿಯ ನೆನಪು. ಅಲ್ಲಿ ಮಾವನು ಕಟ್ಟಿಸಿದ ಕೆರೆಗೆ ನೀರು ಬರಲೆಂದು ಸೊಸೆಯನ್ನು ಆಹುತಿ ಕೊಟ್ಟರು, ಅವಳನ್ನು ಕೇಳಿದವರಿಲ್ಲ. ಸೂಳೆಕೆರೆಯ ಕಥೆಯಲ್ಲಿ ಕೇಳಿದವಳೂ ಹೆಣ್ಣು, ಕೊಟ್ಟವರೂ ಹೆಣ್ಣುಗಳು, ನಡುವೆ ಒಂದು ಮಾತಿದೆ. ಊರೊಳಗೆ ಮರ್ಯಾದೆಯ ಸ್ಥಾನವಿಲ್ಲದವರು ಹಣ ಕೇಳಲಿಲ್ಲ, ಬೇರೆ ನೆಲ ಕೇಳಲಿಲ್ಲ, ಮರೆಯದಿರುವಿಕೆಯನ್ನು ಕೇಳಿದರು. ಅಡಿಯಲ್ಲಿ ಮನೆಗಳು ಮುಳುಗಿದರೂ ಮೇಲೆ ಹೆಸರು ತೇಲುತ್ತಿರಬೇಕೆಂದು ಬಯಸಿದರು.

ಆ ಹೆಸರೇ ಈಗ ಸಂಕಟಕ್ಕೆ ಸಿಕ್ಕಿದೆ. ನಕ್ಷೆಗಳಲ್ಲಿ, ಕಚೇರಿಯ ಕಾಗದಗಳಲ್ಲಿ ಕೆರೆ 'ಶಾಂತಿಸಾಗರ'ವಾಗಿದೆ. ಹೆಸರು ಇಂಪಾಗಿದೆ, ಶಾಂತವ್ವನ ನೆನಪೂ ಅದರಲ್ಲಿ ಇಣುಕುತ್ತದೆ. ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಸ್ಥರಿಗೆ ಹಳೆಯ ಹೆಸರನ್ನು ಉಚ್ಚರಿಸಲು ನಾಲಿಗೆ ತಡೆಯುವುದು ಸಹಜ. ಅವರ ಸಂಕೋಚದಲ್ಲಿ ತಪ್ಪೇನಿಲ್ಲ. ಆ ಶಬ್ದವನ್ನು ಬೈಗುಳವಾಗಿ ಮಾಡಿದವರು ಆ ಕೇರಿಯವರಲ್ಲ ಎಂಬುದನ್ನು ನೆನೆದರೆ ಸಾಕು. ಆದರೆ ಕಥೆ ಬಲ್ಲ ಓದುಗನಿಗೆ ಸಮಾಧಾನವಾಗದು. ಕೊಟ್ಟವರ ಹೆಸರು ಅಳಿದು ಕಟ್ಟಿಸಿದವಳ ಹೆಸರು ಉಳಿದರೆ ಕೊಟ್ಟ ಮಾತೇನಾಯಿತು? ಒಟ್ರಾಂಟೊದ ಕೋಟೆ ಕುಸಿದದ್ದು ಇಂಥದೇ ಲೆಕ್ಕ ತಪ್ಪಿದ್ದರಿಂದ. ಗಾಥಿಕ್ ಕಾದಂಬರಿಯ ಮನೆಗಳಲ್ಲಿ ದೆವ್ವವಾಗಿ ತಿರುಗುವುದು ಸತ್ತವರೆಲ್ಲರೂ ಅಲ್ಲ, ಸಲ್ಲಬೇಕಾದುದು ಸಲ್ಲದವರು.

ಅದೃಷ್ಟವಶಾತ್ ಜನರ ಬಾಯಿ ಕಚೇರಿಯ ಕಾಗದಕ್ಕಿಂತ ಗಟ್ಟಿ. ನಲ್ಲೂರಿನ ಕಡೆ ದಾರಿ ಕೇಳಿದವರಿಗೆ ರೈತನು ಇಂದಿಗೂ ಹಳೆಯ ಹೆಸರನ್ನೇ ಹೇಳುತ್ತಾನೆ. ಹೇಳುವಾಗ ಅವನ ದನಿಯಲ್ಲಿ ಹಾಸ್ಯವಿಲ್ಲ, ಕೀಳುಭಾವವಿಲ್ಲ. ಗದ್ದೆಗೆ ನೀರು ಕೊಟ್ಟ ತಾಯಿಯ ಹೆಸರು ಹೇಳುವಷ್ಟೇ ಸಹಜವಾಗಿ ಹೇಳುತ್ತಾನೆ. ಕೋಡಿಯಾಚೆ ಹರಿದ್ರಾ ಹರಿಹರದ ಕಡೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಇನ್ನೊಂದು ಕಡೆ ಇದೇ ಕೆರೆಯ ನೀರು ಕೊಳವೆಗಳಲ್ಲಿ ಚಿತ್ರದುರ್ಗಕ್ಕೆ ಸಾಗಿ ಮನೆಗಳ ನಲ್ಲಿಯಲ್ಲಿ ಬೀಳುತ್ತದೆ. 'ದುರ್ಗಾಸ್ತಮಾನ'ವನ್ನು ಓದುತ್ತ ರಾತ್ರಿ ಬಾಯಾರಿ ಎದ್ದ ದುರ್ಗದ ಓದುಗನು ಕುಡಿಯುವ ಲೋಟದಲ್ಲಿ, ಮುಳುಗಿದ ಆ ಕೇರಿಯ ಮೇಲೆ ನಿಂತ ನೀರಿನ ಪಾಲೂ ಇದೆ.