ಶ್ಯಾವಿಗೆ ಹೊಸೆದ ಕೈಗೆ ಇಟಲಿಯ ಅಡುಗೆ

ಸಹೋದರಿಯರೇ, ಇಟಲಿಯ ಅಡುಗೆ ಎಂದೊಡನೆ ಪುಟ ಮಗುಚಬೇಡಿ. ನಮ್ಮ ಗುಳೇದಗುಡ್ಡದ ಮನೆಗಳಲ್ಲಿ ಓವನ್ ಎಲ್ಲಿಂದ ಬರಬೇಕು? ಆದರೂ ಪನೀರು ತುಂಬಿ ಬೇಯಿಸುವ ಕನೆಲೋನಿಯನ್ನು ಹಿಟ್ಟು ನಾದುವುದರಿಂದ ಹಿಡಿದು ನಾವೇ ಮಾಡಿದೆವು.

ನಾವು ಎಂದರೆ ನಾನು ಮತ್ತು ನನ್ನ ತಂಗಿ. ಆಗ ಅವಳು ತನ್ನ ಮನೆಯಲ್ಲಿ ಇದ್ದತ್‌ನಲ್ಲಿದ್ದಳು. ಗಂಡ ಖಣ ನೇಯುತ್ತಿದ್ದರು, ಕಂಡಿಕೆ ಸುತ್ತುವುದು ಇವಳ ಕೆಲಸ. ಮಗ್ಗ ನಿಂತಿತ್ತು. ಶಾಲೆ ಬಿಟ್ಟ ಮೇಲೆ ನಾನು ದಿನವೂ ಹೋಗುತ್ತಿದ್ದೆ. ಮುಂದಿಟ್ಟ ತಟ್ಟೆಯನ್ನು ಸರಿಸಿಬಿಡುವಳು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ: ಮಕ್ಕಳು ಏನನ್ನೂ ಕೇಳುವುದನ್ನೇ ಬಿಟ್ಟಿದ್ದರು. ಒಂದು ಸಂಜೆ ಅವಳ ಮಗಳು ಮೊಬೈಲಿನಲ್ಲಿ ಈ ಅಡುಗೆಯ ಚಿತ್ರ ತೋರಿಸಿ, ಸಣ್ಣ ದನಿಯಲ್ಲಿ, "ಇದು ನಮಗೆ ಹಲಾಲಾ ಖಾಲಾ?" ಎಂದಳು. ತಿನ್ನಬೇಕೆನ್ನಲು ಹೆದರಿದ ಮಗು ಹಾಗೆ ಕೇಳಿತ್ತು.

ಪ್ರಶ್ನೆ ಸರಿಯಾದದ್ದೇ. ಚೀಸ್‌ಗೆ ಹಾಲು ಒಡೆಯಲು ಹಾಕುವ ರೆನ್ನೆಟ್ ಹಿಂದೆ ಕರುವಿನ ಹೊಟ್ಟೆಯಿಂದ ಬರುತ್ತಿತ್ತು. ಇಟಲಿಯ ಹೆಸರಾಂತ ಪಾರ್ಮೆಸಾನ್‌ಗೆ ಇಂದಿಗೂ ಅದೇ. ಅದರ ಬಗ್ಗೆ ಫುಕಹಾಗಳಲ್ಲಿ ಚರ್ಚೆಯಿದೆ. ತಬೂಕ್‌ನಲ್ಲಿ ಪ್ರವಾದಿಯವರ(ಸ) ಮುಂದೆ ಚೀಸ್ ತಂದಾಗ ಅವರು ಚಾಕು ತರಿಸಿ, ಅಲ್ಲಾಹನ ಹೆಸರು ಹೇಳಿ ಕತ್ತರಿಸಿದರೆಂದು ಅಬೂದಾವೂದ್‌ನಲ್ಲಿದೆ. ನಮ್ಮ ಅಂಗಡಿಯ ಪೊಟ್ಟಣದಲ್ಲಿ ಹಸಿರು ಚುಕ್ಕೆಯಿದ್ದರೆ ರೆನ್ನೆಟ್ ಪ್ರಾಣಿಯದಲ್ಲ. ಮನೆಯ ಪನೀರಿಗಂತೂ ನಿಂಬೆರಸ ಸಾಕು.

ಎರಡು ಲೀಟರ್ ಎಮ್ಮೆ ಹಾಲು ಕುದಿಸಿ, ಎರಡು ನಿಂಬೆಹಣ್ಣು ಹಿಂಡಿ ಒಡೆಸಿದೆ. ಅವರು ತುಂಬುವುದು ರಿಕೊಟ್ಟಾ, ಎಂದರೆ 'ಮತ್ತೆ ಬೇಯಿಸಿದ್ದು'; ಚೀಸ್ ತೆಗೆದ ನೀರನ್ನು ಮತ್ತೆ ಕಾಯಿಸಿ ಪಡೆಯುವುದು. ನಮ್ಮ ಪನೀರನ್ನು ಪೂರ್ತಿ ಹಿಂಡದೆ ಮೆತ್ತಗೆ ಬಿಟ್ಟರೆ ಬಾಯಿಗೆ ಹೆಚ್ಚು ವ್ಯತ್ಯಾಸ ತಿಳಿಯದು. ಅದಕ್ಕೆ ಬೇಯಿಸಿ ಹಿಂಡಿದ ಪಾಲಕ್, ಉಪ್ಪು, ಕಾಳುಮೆಣಸು.

ಹಿಟ್ಟಿನ ಹತ್ತಿರ ನಾನು ತಂಗಿಯನ್ನು ಕರೆದೆ. ಈದ್‌ಗೆ ಜವೆಗೋಧಿಯ ಶ್ಯಾವಿಗೆ ಹೊಸೆಯುವುದರಲ್ಲಿ ನಮ್ಮ ಮನೆತನದಲ್ಲಿ ಅವಳದೇ ಕೈ. ಕಾಲು ಕಿಲೊ ಗೋಧಿಹಿಟ್ಟಿಗೆ ಎರಡು ಮೊಟ್ಟೆ, ಚೂರು ನೀರು. ನಾದಿ ಅರ್ಧ ಗಂಟೆ ಮುಚ್ಚಿಟ್ಟು, ತೆಳ್ಳಗೆ ಲಟ್ಟಿಸಿ, ಅಂಗೈಯಗಲ ಕತ್ತರಿಸಿ, ಕುದಿವ ನೀರಲ್ಲಿ ಎರಡು ನಿಮಿಷ. ಪನೀರಿಟ್ಟು ಸುರುಳಿ ಸುತ್ತುವಾಗ ಅವಳ ಕೈ ತಡೆಯಿತು. "ಆಪಾ, ಕಂಡಿಕಿ ಇದ್ದಾಂಗ ಐತಿ," ಎಂದಳು. ಆಮೇಲೆ ಗಂಡನ ವಿಷಯ ಮಾತನಾಡತೊಡಗಿದಳು. ಎಷ್ಟೋ ದಿನಗಳ ನಂತರ. ನಾನು ನಡುವೆ ಬಾಯಿ ಹಾಕಲಿಲ್ಲ. ಕನೆಲೋನಿ ಎಂದರೆ ಇಟಲಿಯ ಮಾತಿನಲ್ಲಿ ದೊಡ್ಡ ಜೊಂಡಿನ ಕೊಳವೆ ಎಂದು ನಾನು ನಂತರ ಓದಿದೆ.

ಬೇಯಿಸುವುದು ನಮ್ಮ ಬಿರಿಯಾನಿಯ ದಮ್ಮೇ. ದಪ್ಪ ಪಾತ್ರೆಯ ತಳಕ್ಕೆ ಮರಳು, ಅದರ ಮೇಲೆ ಕುಕ್ಕರಿನ ತಟ್ಟು, ಮುಚ್ಚಳದ ಮೇಲೆ ಕೆಂಡ. ಒಳಗಿನ ತಟ್ಟೆಯಲ್ಲಿ ಬೆಳ್ಳುಳ್ಳಿ ಹಾಕಿ ಬೇಯಿಸಿದ ಟೊಮ್ಯಾಟೊ ಗೊಜ್ಜು, ಸುರುಳಿಗಳು, ಬೆಣ್ಣೆ-ಮೈದಾ-ಹಾಲಿನ ಬಿಳಿ ಸಾಸ್, ಮೇಲೆ ತುರಿದ ಚೀಸ್. ಮುಕ್ಕಾಲು ಗಂಟೆಯಲ್ಲಿ ಮೇಲ್ಭಾಗ ಕೆಂಪಾಯಿತು.

ಕಿರಿಯವನು ಎರಡನೆಯ ಸಲ ತಟ್ಟೆ ಚಾಚಿದ. ತಂಗಿ ಒಂದು ಸುರುಳಿ ಪೂರ್ತಿ ತಿಂದು, "ಖಾರ ಸಾಲದು ಆಪಾ, ಹಸಿಮೆಣಸಿನಕಾಯಿ ಬೇಕಿತ್ತು" ಎಂದಳು. ಪನೀರು ಸೋಸಿದ ನೀರನ್ನು ಚೆಲ್ಲಗೊಡಲಿಲ್ಲ. ಮರುದಿನ ಅದರಲ್ಲೇ ಚಪಾತಿ ಹಿಟ್ಟು ಕಲಸಿದಳಂತೆ.