ಬತ್ತಿ ಒಣಗಿದಾಗ

ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ ಓದಿ ಬೆಳೆದ ತಲೆಮಾರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೀಪದಲ್ಲಿ ಎಣ್ಣೆ ಇರುವಷ್ಟು ಹೊತ್ತು ಉರಿಯುವುದು ಎಣ್ಣೆ. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯತೊಡಗುತ್ತದೆ. ಆಗ ಏಳುವ ಕಮಟು ವಾಸನೆ ಮನೆಯಿಡೀ ಹರಡುತ್ತದೆ. ಆ ಹೊತ್ತಿನಲ್ಲಿ ಬತ್ತಿಯನ್ನು ಇನ್ನಷ್ಟು ಮೇಲಕ್ಕೇರಿಸಿದವನ ದೀಪ ಬೇಗನೆ ಹಾಳಾಗುತ್ತದೆ. ಎಣ್ಣೆ ಏಕೆ ಏರುತ್ತಿಲ್ಲ ಎಂದು ನೋಡಿದವನ ದೀಪ ಉಳಿಯುತ್ತದೆ.

ವೇಪ್ ಎಂದು ಕರೆಯಲಾಗುವ ಇ-ಸಿಗರೇಟಿನ ಟ್ಯಾಂಕ್ ಕೂಡ ಇದೇ ನಿಯಮದ ಮೇಲೆ ನಡೆಯುತ್ತದೆ. ಗಾಜಿನ ಪುಟ್ಟ ತೊಟ್ಟಿಯಲ್ಲಿ ದ್ರವ, ಅದರ ನಡುವೆ ಲೋಹದ ಕೊಳವೆ, ಕೊಳವೆಯೊಳಗೆ ಹತ್ತಿ, ಹತ್ತಿಯ ನಡುವೆ ಸುರುಳಿಯಾಗಿ ಸುತ್ತಿದ ತಂತಿ. ಈ ಸುರುಳಿಗೆ ಕಾಯಿಲ್ ಎನ್ನುತ್ತಾರೆ. ಗುಂಡಿ ಒತ್ತಿದಾಗ ಬ್ಯಾಟರಿಯ ವಿದ್ಯುತ್ತು ಕಾಯಿಲನ್ನು ಕಾಯಿಸುತ್ತದೆ. ಹತ್ತಿ ಹೀರಿಟ್ಟ ದ್ರವ ಆವಿಯಾಗಿ ಬಾಯಿಗೆ ಬರುತ್ತದೆ. ಹತ್ತಿಗೆ ದ್ರವ ತಲುಪದಿದ್ದರೆ ಗಂಟಲು ಗೀರಿದಂತಾಗುತ್ತದೆ. ಇದಕ್ಕೆ ಬಳಕೆದಾರರು ಡ್ರೈ ಹಿಟ್ ಎನ್ನುತ್ತಾರೆ. ಅದನ್ನು ಲೆಕ್ಕಿಸದೆ ಮುಂದುವರಿದರೆ ಹತ್ತಿಯೇ ಕರಕಲಾಗಿ, ಸುಟ್ಟ ಬಟ್ಟೆಯ ರುಚಿ ನಾಲಿಗೆಗೆ ಅಂಟಿಕೊಳ್ಳುತ್ತದೆ.

ಇದನ್ನು ಬರೆಯುವುದಕ್ಕೆ ಮುನ್ನ ಒಂದು ಮಾತು ಸ್ಪಷ್ಟವಾಗಿರಬೇಕು. ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಮತ್ತು ದಾಸ್ತಾನನ್ನು 2019ರ ಕಾಯ್ದೆ ನಿಷೇಧಿಸಿದೆ. ಆಮದು ಅಥವಾ ಮಾರಾಟದ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆಮನೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕರ್ನಾಟಕ ಸರಕಾರವಂತೂ 2016ರಲ್ಲೇ ಇದನ್ನು ನಿಷೇಧಿಸಿತ್ತು. ಆದರೆ ನಮ್ಮ ಕರಾವಳಿಯ ಸಾವಿರಾರು ಮಂದಿ ದುಡಿಯುವ ಯುಎಇಯಲ್ಲಿ 2019ರಿಂದ ನಿಯಮಗಳಿಗೆ ಒಳಪಟ್ಟು ಇದರ ಮಾರಾಟಕ್ಕೆ ಅವಕಾಶವಿದೆ. ಸಿಗರೇಟು ಬಿಡಬೇಕೆಂದು ಇದನ್ನು ಹಿಡಿದು, ಸುಟ್ಟ ದಮ್ಮಿಗೆ ಬೇಸತ್ತು ಮತ್ತೆ ಸಿಗರೇಟಿಗೇ ಮರಳಿದವರನ್ನು ನಾವು ಅಲ್ಲಿ ಕಂಡಿದ್ದೇವೆ. ಈ ಬರಹ ಅಂಥವರಿಗಾಗಿ ಮತ್ತು ಊರಿನಲ್ಲಿ ಅವರಿಗಾಗಿ ಕಾಯುತ್ತಿರುವ ಮನೆಯವರಿಗಾಗಿ.

ದುಬೈಯ ದೇರಾದಲ್ಲಿ ನಾವು ಆರು ಮಂದಿ ಒಂದೇ ರೂಮಿನಲ್ಲಿದ್ದೆವು. ನಮ್ಮಲ್ಲಿ ಹಿರಿಯರಾದ ಕಾಕ ಮೂವತ್ತು ವರ್ಷಗಳಿಂದ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುತ್ತಿದ್ದವರು. ಮೆಟ್ಟಿಲು ಹತ್ತುವಾಗ ಎರಡು ಬಾರಿ ನಿಲ್ಲುತ್ತಿದ್ದರು. ಇಳಿದನಿಯ ಕೆಮ್ಮು ರಾತ್ರಿಯಿಡೀ ನಮ್ಮನ್ನೂ ಎಚ್ಚರವಾಗಿಡುತ್ತಿತ್ತು. ಮಗಳ ಮದುವೆ 2022ರ ಆಗಸ್ಟ್‌ಗೆ ನಿಶ್ಚಯವಾದಾಗ, ಆ ಹೊತ್ತಿಗೆ ಸಿಗರೇಟು ಬಿಟ್ಟಿರುತ್ತೇನೆಂದು ಅವರು ಮನೆಗೆ ಮಾತು ಕೊಟ್ಟರು. ಹಿಂದೆ ಮೂರು ಬಾರಿ ಬಿಟ್ಟು ಮೂರು ಬಾರಿಯೂ ಮರಳಿದ್ದರು. ಈ ಸಲ ಒಂದು ಟ್ಯಾಂಕ್ ಖರೀದಿಸಿ ತಂದರು. ಬಾಲ್ಕನಿಯಲ್ಲಿ ಮಾತ್ರ ಬಳಸಬೇಕು, ಆಗಸ್ಟ್‌ನೊಳಗೆ ಅದನ್ನೂ ಬಿಡಬೇಕು ಎಂಬುದು ರೂಮಿನವರ ಕರಾರಾಗಿತ್ತು. ಊರಿಗೆ ಅದನ್ನು ಒಯ್ಯುವಂತಿರಲಿಲ್ಲವಾದ್ದರಿಂದ ಆ ಗಡುವನ್ನು ಮೀರುವ ದಾರಿಯೂ ಇರಲಿಲ್ಲ.

ಮೂರನೆಯ ದಿನವೇ ಕಾಕ ಟ್ಯಾಂಕನ್ನು ಮೇಜಿನ ಮೇಲೆ ಕುಕ್ಕಿ, "ಇದಕ್ಕಿಂತ ನನ್ನ ಸಿಗರೇಟೇ ಒಳ್ಳೆಯದು, ಅದು ಸುಟ್ಟರೂ ತಂಬಾಕಿನ ರುಚಿಯಾದರೂ ಇರುತ್ತದೆ" ಎಂದರು. ನಮ್ಮಲ್ಲೊಬ್ಬ ಎಸಿ ರಿಪೇರಿ ಕೆಲಸದವನಿದ್ದ. "ಕಾಕಾ, ಯಂತ್ರ ಕೆಟ್ಟಿಲ್ಲ. ಎಲ್ಲೋ ಹರಿವು ನಿಂತಿದೆ, ನೋಡೋಣ" ಎಂದು ಅವನು ಟ್ಯಾಂಕನ್ನು ಬಿಚ್ಚಿದ. ಅಂದಿನಿಂದ ಆಗಸ್ಟ್‌ವರೆಗೆ ಆ ಪುಟ್ಟ ಗಾಜಿನ ತೊಟ್ಟಿಯ ಯೋಗಕ್ಷೇಮ ರೂಮಿನ ಎಲ್ಲರ ಹೊಣೆಯಾಯಿತು.

ಮೊದಲು ತಿಳಿಯಬೇಕಾದುದು ಶಾಖದ ಲೆಕ್ಕ. ಅನ್ನದ ಪಾತ್ರೆಯಲ್ಲಿ ನೀರಿರುವವರೆಗೆ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಇಂಗಿದೊಡನೆ ತಳ ಹಿಡಿಯುತ್ತದೆ. ವೇಪ್ ದ್ರವದಲ್ಲಿ ಮುಖ್ಯವಾಗಿ ಇರುವುದು ಪ್ರೊಪಿಲಿನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು ಸುಮಾರು 188 ಡಿಗ್ರಿಯಲ್ಲಿ, ಎರಡನೆಯದು ಸುಮಾರು 290 ಡಿಗ್ರಿಯಲ್ಲಿ ಕುದಿಯುತ್ತದೆ. ಹತ್ತಿ ಒದ್ದೆಯಾಗಿರುವಷ್ಟು ಹೊತ್ತು ಕಾಯಿಲಿನ ಶಾಖವನ್ನು ಆವಿಯಾಗುವ ದ್ರವವೇ ಹೊತ್ತೊಯ್ಯುತ್ತದೆ. ದ್ರವ ಬಾರದಿದ್ದರೆ ಆ ಶಾಖ ಹೋಗಲು ಬೇರೆ ದಾರಿಯಿಲ್ಲದೆ ಹತ್ತಿಯನ್ನೇ ಸುಡುತ್ತದೆ. ಹಾಗಾಗಿ ಪ್ರತಿಯೊಂದು ಸುಟ್ಟ ದಮ್ಮಿನ ಹಿಂದೆಯೂ ಒಂದೇ ಪ್ರಶ್ನೆಯಿರುತ್ತದೆ: ಎಳೆಯುವ ವೇಗಕ್ಕೆ ಸರಿಯಾಗಿ ದ್ರವ ಹತ್ತಿಗೆ ತಲುಪುತ್ತಿದೆಯೇ?

ಕಾಕ ಹೊಸ ಕಾಯಿಲನ್ನು ಹಾಕಿದೊಡನೆ ಸೇದಿದ್ದರು. ಹೊಸ ಕಾಯಿಲಿನ ಹತ್ತಿ ಪೂರ್ತಿ ಒಣಗಿರುತ್ತದೆ. ಅದರ ಬದಿಯ ಕಿಂಡಿಗಳಲ್ಲಿ ಕಾಣುವ ಹತ್ತಿಗೆ ಕೆಲವು ಹನಿ ದ್ರವವನ್ನು ನೇರವಾಗಿ ಬಿಟ್ಟು, ಬಳಿಕ ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಹಾಗೆಯೇ ಇಡಬೇಕು. ಮೊದಲ ಕೆಲವು ದಮ್ಮುಗಳನ್ನು ಕಡಿಮೆ ವ್ಯಾಟ್‌ನಲ್ಲಿ ಎಳೆಯಬೇಕು. ಎಷ್ಟು ವ್ಯಾಟ್ ಎಂಬುದನ್ನು ಕಾಯಿಲಿನ ಮೈಮೇಲೆಯೇ ಮುದ್ರಿಸಿರುತ್ತಾರೆ. ಆ ಮಿತಿಯ ಕೆಳತುದಿಯಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕೇ ಹೊರತು ಮಿತಿಯನ್ನು ದಾಟಬಾರದು. ಇಷ್ಟೆಲ್ಲ ಮಾಡಿದರೂ ಒಮ್ಮೆ ಸುಟ್ಟ ಹತ್ತಿ ಮತ್ತೆ ಸರಿಹೋಗುವುದಿಲ್ಲ. ಎಷ್ಟು ತೊಳೆದರೂ ಕರಕಲು ರುಚಿ ಉಳಿಯುತ್ತದೆ. ಅಂತಹ ಕಾಯಿಲನ್ನು ಎಸೆದು ಹೊಸದನ್ನು ಹಾಕುವುದೊಂದೇ ದಾರಿ.

ಎರಡನೆಯ ಕಾಯಿಲ್ ವಾರದವರೆಗೆ ಚೆನ್ನಾಗಿತ್ತು. ಆಮೇಲೆ ಬೆಳಗಿನ ಹೊತ್ತು ಮಾತ್ರ ಗಂಟಲು ಗೀರತೊಡಗಿತು. ಕಾರಣ ರೂಮಿನ ಎಸಿ! ಟ್ಯಾಂಕ್ ರಾತ್ರಿಯಿಡೀ ಎಸಿಯ ಗಾಳಿ ನೇರವಾಗಿ ಬೀಳುವ ಕಪಾಟಿನಲ್ಲಿರುತ್ತಿತ್ತು. ಗ್ಲಿಸರಿನ್ ತಣ್ಣಗಾದಷ್ಟೂ ಮಂದವಾಗುತ್ತದೆ. ತಣ್ಣಗಿನ ಜೇನಿನಂತೆ ತಡವಾಗಿ ಹರಿಯುತ್ತದೆ. ಕಾಕ ತಂದಿದ್ದ ದ್ರವದಲ್ಲಿ ಗ್ಲಿಸರಿನ್ ಪಾಲು ನೂರಕ್ಕೆ 70 ಇತ್ತು. ಅವರ ಕಾಯಿಲಿನ ಕಿಂಡಿಗಳಾದರೋ ಸಣ್ಣವು. ಸಮಪಾಲಿನ, ತೆಳುವಾದ ದ್ರವಕ್ಕೆ ಬದಲಾಯಿಸಿ ಕಪಾಟಿನ ಜಾಗವನ್ನೂ ಬದಲಾಯಿಸಿದಾಗ ಬೆಳಗಿನ ತೊಂದರೆ ನಿಂತಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಸೇದುವಾಗ ಟ್ಯಾಂಕ್ ಅಡ್ಡವಾಗಿ, ದ್ರವ ಒಂದು ಬದಿಗೆ ಸರಿದು, ಕಿಂಡಿಗಳು ಬರಿದಾಗುತ್ತವೆ ಎಂಬುದನ್ನೂ ನಾವು ಕಂಡುಕೊಂಡೆವು. ದ್ರವ ಕಿಂಡಿಗಳ ಮಟ್ಟಕ್ಕಿಂತ ಕೆಳಗಿಳಿಯುವ ಮುನ್ನ ತುಂಬಿಸಬೇಕು. ದಮ್ಮು ಎಳೆದ ಬಳಿಕ ಒಳಗಿನಿಂದ ಗುಳ್ಳೆಯೊಂದು ಮೇಲಕ್ಕೆ ಏಳುವುದು ಹತ್ತಿ ದ್ರವ ಕುಡಿಯುತ್ತಿದೆ ಎಂಬುದಕ್ಕೆ ಗುರುತು.

ಏಪ್ರಿಲ್‌ನಲ್ಲಿ ರಮಝಾನ್ ಬಂತು. ಸುಮಾರು 14 ಗಂಟೆಯ ಉಪವಾಸವನ್ನು ಕಾಕ ಟ್ಯಾಂಕ್ ಮುಟ್ಟದೆ ನಿಭಾಯಿಸಿದರು. ಆದರೆ ಇಫ್ತಾರ್ ಮುಗಿಸಿ ಬಾಲ್ಕನಿಗೆ ಹೋದವರು ದಿನವಿಡೀ ತಡೆದಿಟ್ಟುದನ್ನು ಹತ್ತೇ ನಿಮಿಷಗಳಲ್ಲಿ ತೀರಿಸಿಕೊಳ್ಳುವವರಂತೆ ಒಂದರ ಹಿಂದೊಂದು ದಮ್ಮು ಎಳೆಯುತ್ತಿದ್ದರು. ಮೂರನೆಯ ದಮ್ಮಿಗೇ ಸುಟ್ಟ ರುಚಿ. ಹತ್ತಿ ಮತ್ತೆ ತೋಯಲು ಸಮಯ ಬೇಕು. ಎರಡು ದಮ್ಮುಗಳ ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಆಗ ಎಸಿ ಕೆಲಸದ ಹುಡುಗ ಹೇಳಿದ ಮಾತು ನಮಗೆಲ್ಲರಿಗೂ ನೆನಪಿದೆ: "ಕಾಕಾ, 14 ಗಂಟೆ ತಡೆದವರಿಗೆ ಅರ್ಧ ನಿಮಿಷ ದೊಡ್ಡದೇ?" ಕಾಕ ನಕ್ಕರು. ಉಪವಾಸದ ಆ ತಿಂಗಳು ಅವರಿಗೆ ತಮ್ಮ ಶಕ್ತಿಯ ಅಳತೆಯನ್ನು ತೋರಿಸಿಕೊಟ್ಟಿತು. ಹಗಲಿಡೀ ಬಿಡಲು ಸಾಧ್ಯವಾದುದನ್ನು ರಾತ್ರಿಯೂ ಬಿಡಬಹುದು ಎಂಬ ಧೈರ್ಯ ಅಲ್ಲಿ ಹುಟ್ಟಿತು.

ಸುಟ್ಟ ರುಚಿಯನ್ನು ಸಹಿಸಿಕೊಂಡು ಸೇದುವುದರಿಂದಾಗುವ ಕೇಡು ಬರಿಯ ರುಚಿಯದ್ದಲ್ಲ. ಈ ದ್ರವಗಳು ಅತಿಯಾಗಿ ಕಾದಾಗ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ಗಳಂತಹ ಹಾನಿಕರ ವಸ್ತುಗಳು ಉಂಟಾಗುತ್ತವೆ. ಬಾಣಲೆಯ ಎಣ್ಣೆ ಅತಿಯಾಗಿ ಕಾದು ಹೊಗೆಯೆದ್ದಾಗ ಕಣ್ಣುರಿಸುವ ಘಾಟಿನಲ್ಲಿ ಇರುವುದೂ ಅಕ್ರೋಲಿನ್‌ ಆಗಿದೆ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಟ್ಯಾಂಕನ್ನು 3.3 ವೋಲ್ಟ್‌ನಲ್ಲಿ ನಡೆಸಿದಾಗ ಫಾರ್ಮಾಲ್ಡಿಹೈಡ್‌ನ ಸುಳಿವು ಸಿಗಲಿಲ್ಲ. 5 ವೋಲ್ಟ್‌ಗೆ ಏರಿಸಿದಾಗ ಸಿಕ್ಕಿತು. ಅದೇ ವರ್ಷ ಗ್ರೀಸಿನ ಹೃದ್ರೋಗ ತಜ್ಞ ಕಾನ್‌ಸ್ಟಾಂಟಿನೋಸ್ ಫಾರ್ಸಲಿನೋಸ್ ಮತ್ತು ಸಂಗಡಿಗರು, ಇಂತಹ ವಸ್ತುಗಳು ಹೆಚ್ಚಿನ ಮಟ್ಟದಲ್ಲಿ ಉಂಟಾಗುವುದು ಡ್ರೈ ಹಿಟ್ ಸ್ಥಿತಿಯಲ್ಲಿ. ಬಳಕೆದಾರನ ನಾಲಿಗೆ ಅದನ್ನು ಗುರುತಿಸಿ ದೂರವಿಡುತ್ತದೆ ಎಂದು ತೋರಿಸಿದರು. ಅಂದರೆ ಆ ಕಹಿ ಒಂದು ಎಚ್ಚರಿಕೆಯ ಗಂಟೆ. ನಾಲಿಗೆಗೆ ಈ ಅರಿವನ್ನು ಕೊಟ್ಟವನು ಅದನ್ನು ವ್ಯರ್ಥವಾಗಿ ಕೊಟ್ಟಿಲ್ಲ. ಅದನ್ನು ಇನ್ನಷ್ಟು ಸಿಹಿಯಾದ ದ್ರವದಿಂದ ಮುಚ್ಚಲು ಹೋದರೆ ಸಿಹಿಯೇ ಕಾಯಿಲಿನ ಮೇಲೆ ಕಪ್ಪಾಗಿ ಗಟ್ಟಿಕಟ್ಟಿ ಹರಿವನ್ನು ಮತ್ತಷ್ಟು ತಡೆಯುತ್ತದೆ.

ಮೇ ತಿಂಗಳಿನಿಂದ ಕಾಕ ನಿಕೋಟಿನ್ ಪ್ರಮಾಣವನ್ನು ಇಳಿಸತೊಡಗಿದರು. ಮಿಲಿಲೀಟರಿಗೆ 12 ಮಿಲಿಗ್ರಾಂ ಇದ್ದುದು 6ಕ್ಕೆ, ಬಳಿಕ 3ಕ್ಕೆ ಬಂತು. 3ಕ್ಕೆ ಇಳಿದ ವಾರ ಟ್ಯಾಂಕ್ ಮತ್ತೆ ಸುಡಲಾರಂಭಿಸಿತು. ಕಾಯಿಲ್ ಹೊಸದು, ದ್ರವ ತೆಳು, ವ್ಯಾಟ್ ಮಿತಿಯೊಳಗೆ, ಯಾವುದರಲ್ಲೂ ಕೊರತೆಯಿರಲಿಲ್ಲ. ನಿಕೋಟಿನ್ ಕಡಿಮೆಯಾದಾಗ ದೇಹ ಅದನ್ನು ತುಂಬಿಕೊಳ್ಳಲು ಹೆಚ್ಚು ಉದ್ದದ, ಹೆಚ್ಚು ಸಲದ ದಮ್ಮುಗಳನ್ನು ಬೇಡುತ್ತದೆ. ಟ್ಯಾಂಕ್ ಸರಿಯಾಗಿಯೇ ಇತ್ತು, ಆಸೆ ಅದರ ಅಳತೆಯನ್ನು ಮೀರಿತ್ತು. ರಿಪೇರಿಯವನ ಸ್ಕ್ರೂಡ್ರೈವರ್ ತಲುಪದ ಜಾಗವದು. ಅಲ್ಲಿಂದ ಮುಂದಿನ ಕೆಲಸ ಕಾಕರದ್ದು ಮಾತ್ರವಾಗಿತ್ತು. ಬಾಲ್ಕನಿಗೆ ಹೋಗಬೇಕೆನಿಸಿದಾಗಲೆಲ್ಲ ಅವರು ಮನೆಗೆ ಫೋನ್ ಮಾಡತೊಡಗಿದರು. ಮಗಳು ಮದುವೆಯ ಸೀರೆಯ ಬಣ್ಣದಿಂದ ಹಿಡಿದು ಅಡುಗೆಯವರ ಲೆಕ್ಕದವರೆಗೆ ಎಲ್ಲವನ್ನೂ ಹೇಳುತ್ತಿದ್ದಳು. ಇಪ್ಪತ್ತು ನಿಮಿಷ ಕಳೆದಾಗ ಹಂಬಲವೂ ಕಳೆದಿರುತ್ತಿತ್ತು.

ಇಲ್ಲೊಂದು ಅಂಕಿಯನ್ನು ಗಮನಿಸಬೇಕು. 2019ರಲ್ಲಿ ಇಂಗ್ಲೆಂಡಿನಲ್ಲಿ 886 ಮಂದಿ ಸಿಗರೇಟು ಸೇದುವವರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಇ-ಸಿಗರೇಟಿನ ನೆರವು ಪಡೆದವರಲ್ಲಿ ನೂರಕ್ಕೆ 18 ಮಂದಿ ಒಂದು ವರ್ಷದ ಬಳಿಕವೂ ಸಿಗರೇಟಿನಿಂದ ದೂರವಿದ್ದರು. ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್ ಮೊದಲಾದವುಗಳನ್ನು ಬಳಸಿದವರಲ್ಲಿ ಹಾಗಿದ್ದವರು ನೂರಕ್ಕೆ ಸುಮಾರು 10 ಮಂದಿ. ಆದರೆ ಇ-ಸಿಗರೇಟಿನಿಂದ ಗೆದ್ದವರಲ್ಲಿ ನೂರಕ್ಕೆ 80 ಮಂದಿ ವರ್ಷದ ಬಳಿಕವೂ ಇ-ಸಿಗರೇಟನ್ನು ಬಿಟ್ಟಿರಲಿಲ್ಲ. ಹೊಳೆ ದಾಟಲು ಹತ್ತಿದ ದೋಣಿಯಲ್ಲೇ ಮನೆ ಮಾಡಿದರೆ ದಡ ಸೇರುವುದೆಂದು? ಸಿಗರೇಟು ಸೇದದ ಯುವಕರು ಮೋಜಿಗೆಂದು ಇದನ್ನು ಹಿಡಿಯುವುದಂತೂ ಇಲ್ಲದ ಹೊಳೆಗೆ ದೋಣಿ ಇಳಿಸಿದಂತೆ. ನಿಕೋಟಿನ್ ಅವರನ್ನೂ ಕಟ್ಟಿಹಾಕುತ್ತದೆ. ದ್ರವದ ಬಾಟಲಿ ಮಕ್ಕಳ ಕೈಗೆ ಸಿಕ್ಕರೆ ಅದು ವಿಷ ಎಂಬುದನ್ನು ಮನೆಯವರು ಮರೆಯಬಾರದು.

ಕಾಕ ಜುಲೈ ಕೊನೆಯ ವಾರದಲ್ಲಿ ಟ್ಯಾಂಕನ್ನು ಬಿಟ್ಟರು. ಮದುವೆಗೆ ಹೊರಟಾಗ ಅವರ ಬ್ಯಾಗಿನಲ್ಲಿ ಅದಿರಲಿಲ್ಲ, ಜೇಬಿನಲ್ಲಿ ಸಿಗರೇಟೂ ಇರಲಿಲ್ಲ. ಮರಳಿ ಬಂದ ಮೇಲೂ ಅವರು ಎರಡನ್ನೂ ಮುಟ್ಟಿಲ್ಲ. ಮೆಟ್ಟಿಲಲ್ಲಿ ಈಗಲೂ ಒಮ್ಮೆ ನಿಲ್ಲುತ್ತಾರೆ. ಮೂವತ್ತು ವರ್ಷಗಳ ಹೊಗೆ ಆರು ತಿಂಗಳಲ್ಲಿ ಪೂರ್ತಿ ಇಳಿದುಹೋಗುವಂಥದ್ದಲ್ಲ. ಆದರೆ ರಾತ್ರಿಯ ಕೆಮ್ಮು ನಿಂತಿದೆ.

ಊರಿನಲ್ಲಿರುವ ಓದುಗರಿಗೆ ವೇಪ್‌ನ ದಾರಿ ಕಾನೂನಿನಲ್ಲಿಲ್ಲ, ಅದರ ಅಗತ್ಯವೂ ಇಲ್ಲ. 1800-112-356 ಎಂಬ ರಾಷ್ಟ್ರೀಯ ತಂಬಾಕು ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲಿ ಒಂದು. ನಿಕೋಟಿನ್ ಗಮ್‌ಗಳು ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ವೈದ್ಯರನ್ನು ಕಂಡರೆ ಇನ್ನೂ ಒಳ್ಳೆಯದು. ಹೊರನಾಡಿನಲ್ಲಿ ಟ್ಯಾಂಕ್ ಹಿಡಿದವರು ಸುಟ್ಟ ದಮ್ಮು ಬಂದ ಕೂಡಲೇ ನಿಲ್ಲಿಸಿ, ಹತ್ತಿ, ದ್ರವ, ವ್ಯಾಟ್, ಬಿಡುವು ಎಂಬ ನಾಲ್ಕನ್ನೂ ಸಾಲಾಗಿ ಪರೀಕ್ಷಿಸಿ. ನಾಲ್ಕೂ ಸರಿಯಾಗಿದ್ದು ಬಾಯಿ ಮತ್ತೂ ಸುಡುತ್ತಿದ್ದರೆ ಟ್ಯಾಂಕನ್ನು ಕೆಳಗಿಟ್ಟು ಮನೆಗೊಂದು ಫೋನ್ ಮಾಡಿ.