ಅರವತ್ತರ ಮೇಲಿನವರ ಪೂಲ್

ಪೂಲ್ ಮೇಜಿನ ಮೇಲೆ ಬಗ್ಗಿದಾಗ ಗೊತ್ತಾಗುವ ವಯಸ್ಸೇ ಬೇರೆ, ಆಧಾರ್ ಕಾರ್ಡಿನಲ್ಲಿರುವ ವಯಸ್ಸೇ ಬೇರೆ. ಟೂರ್ನಮೆಂಟಿನವರು ಕೇಳುವುದು ಎರಡನೆಯದನ್ನು ಮಾತ್ರ.

ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿನ ಪಶ್ಚಿಮಕ್ಕೆ, ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿರುವ ಪಾರ್ಲರಿಗೆ ನಾವು ಸೇರುವುದು ಮಧ್ಯಾಹ್ನ. ಊಟ ಮುಗಿದಿರುತ್ತದೆ, ಕಾಲೇಜು ಹುಡುಗರು ಇನ್ನೂ ಬಂದಿರುವುದಿಲ್ಲ. ಟೇಬಲ್ ಖಾಲಿ, ಗಂಟೆಯ ದರವೂ ಕಡಿಮೆ. ಲೋಕಲ್ ರೈಲು ಓಡಿಸಿ ನಿವೃತ್ತರಾದ ಮೋಟರ್‌ಮನ್ ಒಬ್ಬರು, ಮಜಗಾಂವಿನ ಗೋವಾ ಮೂಲದ ಅಂಕಲ್ ಒಬ್ಬರು, ಮದನ್‌ಪುರದಲ್ಲಿ ಚರ್ಮದ ಬ್ಯಾಗಿನ ವ್ಯಾಪಾರ ಮಕ್ಕಳಿಗೆ ಒಪ್ಪಿಸಿದ ಚಾಚಾ ಒಬ್ಬರು, ಮತ್ತು ಬ್ಯಾಂಕಿನ ನೌಕರಿಗೆಂದು ಕುಂದಾಪುರ ಕಡೆಯಿಂದ ಬಂದು ಇಲ್ಲೇ ಉಳಿದ ನಾನು. ನಾಲ್ವರ ಮನೆಯಲ್ಲಿ ನಾಲ್ಕು ಭಾಷೆ, ಮೇಜಿನ ಸುತ್ತ ಬಂಬಯ್ಯಾ ಹಿಂದಿ ಒಂದೇ. ಸೋತವರು ಟೇಬಲ್ ಬಿಲ್ಲು ಕೊಡಬೇಕು, ಗೆದ್ದವರು ಚಹಾ ತರಿಸಬೇಕು. ಹಾಗಾಗಿ ಯಾರೂ ಪೂರ್ತಿ ಗೆದ್ದಂತಾಗುವುದಿಲ್ಲ.

ಎಂಟರ ಆಟ, ಅಂದರೆ 8-ಬಾಲ್, ನೋಡುವವರಿಗೆ ಬಲು ಸುಲಭ. ಒಂದರಿಂದ ಏಳರವರೆಗಿನ ತುಂಬು ಬಣ್ಣದವು ಒಬ್ಬನಿಗೆ, ಒಂಬತ್ತರಿಂದ ಹದಿನೈದರವರೆಗಿನ ಪಟ್ಟೆಯವು ಇನ್ನೊಬ್ಬನಿಗೆ. ತನ್ನವನ್ನೆಲ್ಲ ಹಾಕಿ ಕೊನೆಗೆ ಕರಿ ಎಂಟನ್ನು ಹಾಕಿದವನು ಗೆದ್ದ. ಆದರೆ ಚೆಂಡನ್ನು ಪಾಕೆಟಿಗೆ ಹಾಕುವುದು ಆಟದ ಅರ್ಧ. ಉಳಿದರ್ಧ, ಹಾಕಿದ ಮೇಲೆ ಬಿಳಿ ಚೆಂಡು ಎಲ್ಲಿ ಬಂದು ನಿಲ್ಲುತ್ತದೆ ಎಂಬುದು. ಅದರ ನಡುವಿಗಿಂತ ಕೆಳಗೆ ಕ್ಯೂ ತಾಗಿಸಿದರೆ, ಎದುರಿನ ಚೆಂಡನ್ನು ಒಳಗೆ ದೂಡಿ ಅದು ಒಂದು ಕ್ಷಣ ಯೋಚಿಸಿದ ಹಾಗೆ ನಿಂತು ಹಿಂದಕ್ಕೆ ಉರುಳಿ ಬರುತ್ತದೆ. ನಾನು ಅಂದುಕೊಂಡ ಜಾಗದಲ್ಲೇ ಅದು ನಿಂತ ದಿನ ರಾತ್ರಿ ಊಟಕ್ಕೆ ಉಪ್ಪಿನಕಾಯಿ ಬೇಕಾಗುವುದಿಲ್ಲ.

ಹುಡುಗರ ಆಟದಲ್ಲಿ ಬ್ರೇಕಿನ ಸದ್ದು ಜಾಸ್ತಿ. ನಮ್ಮದರಲ್ಲಿ ಸದ್ದಿಲ್ಲ, ಕಪಟವಿದೆ. ಹಾಕಲು ಚೆಂಡಿಲ್ಲವೆಂದರೆ ಬಿಳಿಯನ್ನು ಮೆಲ್ಲಗೆ ತಳ್ಳಿ ನಮ್ಮದೇ ಚೆಂಡಿನ ಹಿಂದೆ ಬಚ್ಚಿಟ್ಟು ಬರುತ್ತೇವೆ. ಎದುರಿನವನಿಗೆ ತನ್ನ ಚೆಂಡು ಕಾಣುವುದೇ ಇಲ್ಲ. "ಅಂಕಲ್, ಐಸಾ ನಹೀ ಚಲೇಗಾ" ಎಂದು ಹುಡುಗರು ಗೊಣಗುತ್ತಾರೆ. ನಿಯಮದಲ್ಲಿ ಚಲೇಗಾ ಎಂದೇ ಇದೆ.

ಹಾಗಾದರೆ ವಯಸ್ಸು ಈ ಆಟದಲ್ಲಿ ಕಸಿದುಕೊಳ್ಳುವುದಾದರೂ ಏನನ್ನು? ಮೊದಲು ಕಣ್ಣನ್ನು. ಗದ್ದ ಕ್ಯೂವಿಗೆ ತಾಗುವಷ್ಟು ಬಗ್ಗಿದರೆ ನೋಟ ಕನ್ನಡಕದ ಮೇಲಂಚಿಗೆ ಹೋಗುತ್ತದೆ. ಅಲ್ಲಿ ಗಾಜು ಮುಗಿದು ಫ್ರೇಮು ಅಡ್ಡ ಬರುತ್ತದೆ. ಒಂದು ಚೆಂಡು ಎರಡಾಗುತ್ತದೆ. ಉತ್ತರ ಐರ್ಲೆಂಡಿನ ಡೆನ್ನಿಸ್ ಟೇಲರ್ ಇದಕ್ಕೆಂದೇ ಹಣೆಯವರೆಗೆ ಏರಿದ ದೊಡ್ಡ ಗಾಜಿನ ಕನ್ನಡಕ ಮಾಡಿಸಿಕೊಂಡು 1985ರಲ್ಲಿ ಸ್ನೂಕರಿನ ವಿಶ್ವ ಚಾಂಪಿಯನ್ ಆದ. ನಮ್ಮ ಮೋಟರ್‌ಮನ್ನರ ಕಷ್ಟ ಬೇರೆ ಬಗೆಯದು. ಕಣ್ಣಿನಲ್ಲಿ ಪೊರೆ ಬಲಿಯುತ್ತಿದ್ದಾಗ ಅವರಿಗೆ ನೀಲಿ ಎರಡು ಮತ್ತು ನೇರಳೆ ನಾಲ್ಕು ಒಂದೇ ಆಗಿ ಕಾಣುತ್ತಿದ್ದವು. ಸಿಗ್ನಲಿನ ಕೆಂಪು ಹಸಿರು ಜೀವಮಾನವಿಡೀ ತಪ್ಪದೆ ನೋಡಿದ ಮನುಷ್ಯ, "ಕೌನ್ಸಾ ನಂಬರ್ ಹೈ ರೇ?" ಎಂದು ಮಾರ್ಕರ್ ಹುಡುಗನನ್ನು ಕೇಳಿ ಹೊಡೆಯುತ್ತಿದ್ದರು. ಆಪರೇಷನ್ ಆಯಿತು, ಈಗ ನಮ್ಮನ್ನೆಲ್ಲ ಸೋಲಿಸುತ್ತಾರೆ. ಕಣ್ಣಿನ ನಂತರ ಸೊಂಟ, ಆಮೇಲೆ ಮಂಡಿ. ಕೈ ಮಾತ್ರ ಕೊನೆಯವರೆಗೂ ಉಳಿಯುತ್ತದೆ.

ಇನ್ನು ಸಂಘಟಕರ ಲೆಕ್ಕ. ಕ್ಯೂ ಆಟಗಳಲ್ಲಿ 18ರ ಒಳಗಿನವರು, 21ರ ಒಳಗಿನವರು ಎಂದೆಲ್ಲ ಎಳೆಯರಿಗೆ ಮೆಟ್ಟಿಲುಗಳು. ಅದರ ಮೇಲೆ 'ಸೀನಿಯರ್'. ನಮ್ಮ ದೇಶದಲ್ಲಿ ಅದು ಎಲ್ಲರಿಗೂ ತೆರೆದ ವಿಭಾಗ, ಮುದುಕರದ್ದಲ್ಲ. ವಯಸ್ಸಾದವರಿಗೆಂದು ಇರುವುದು ಮಾಸ್ಟರ್ಸ್. ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟದ ಲೆಕ್ಕದಲ್ಲಿ ಅದಕ್ಕೆ 40 ತುಂಬಿದರೆ ಸಾಕು. ಸಣ್ಣಪುಟ್ಟ ಟೂರ್ನಮೆಂಟುಗಳೂ ಅದನ್ನೇ ಹಿಡಿದುಕೊಂಡಿವೆ. ನನ್ನ ತಕರಾರು ಇರುವುದು ಇಲ್ಲೇ.

ನಲವತ್ತು ಕ್ಯೂ ಆಟಗಳಲ್ಲಿ ಮುಪ್ಪೇ? ಇದೇ ಮುಂಬಯಿಯ ವಿಲ್ಸನ್ ಜೋನ್ಸ್ 1964ರಲ್ಲಿ ಎರಡನೆಯ ಸಲ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಗೆದ್ದಾಗ ಅವರಿಗೆ 42. ಮೈಕೆಲ್ ಫೆರೇರಾ 1983ರಲ್ಲಿ ಮೂರನೆಯ ಬಾರಿ ಗೆದ್ದದ್ದು 45ರ ಹೊತ್ತಿಗೆ. ಇಬ್ಬರೂ ಗೆದ್ದದ್ದು ಯುವಕರ ಎದುರು, ಎಲ್ಲರಿಗೂ ತೆರೆದ ಕೂಟದಲ್ಲಿ. ಇಂಗ್ಲೆಂಡಿನ ಫ್ರೆಡ್ ಡೇವಿಸ್ 64ರಲ್ಲಿ ಸ್ನೂಕರ್ ವಿಶ್ವ ಕೂಟದ ಸೆಮಿಫೈನಲಿಗೆ ಬಂದವನು. ಬೆಂಗಳೂರಿನ ಆರ್. ಉಮಾದೇವಿ ಸರ್ಕಾರಿ ಕಚೇರಿಯ ಕೆಲಸದ ನಡುವೆ ಮೂವತ್ತರ ಆಸುಪಾಸಿನಲ್ಲಿ ಕ್ಯೂ ಹಿಡಿದು, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಉಳಿದ ಆಟಗಳಲ್ಲಿ ನಿವೃತ್ತಿಯ ಮಾತು ಬರುವ ಹೊತ್ತಿಗೆ ಇಲ್ಲಿ ಆಟ ಹದಕ್ಕೆ ಬರುತ್ತದೆ.

ಇನ್ನೊಂದು ತಮಾಷೆ ಕೇಳಿ. ಬೆಂಗಳೂರಿನಲ್ಲಿ ಕೋಚ್ ಅರವಿಂದ ಸವೂರರ ಕೈಯಲ್ಲಿ ಪಳಗಿದ ಬಿಲಿಯರ್ಡ್ಸ್, ಸ್ನೂಕರ್ ಆಟಗಾರ ಪಂಕಜ್ ಅಡ್ವಾಣಿ ಹುಟ್ಟಿದ್ದು 1985ರ ಜುಲೈ 24ರಂದು. 2024ರ ಹೊತ್ತಿಗೆ ಅವರ ಹೆಸರಿನಲ್ಲಿ 28 ವಿಶ್ವ ಪ್ರಶಸ್ತಿಗಳಿದ್ದವು. 2025ರ ಜುಲೈಗೆ ನಲವತ್ತು ತುಂಬಿತು. ಬರೀ ವಯಸ್ಸಿನ ಲೆಕ್ಕ ಹಿಡಿದರೆ ಅವರೂ ನಾನೂ ಒಂದೇ ವಿಭಾಗ! ಅವರೇನೂ ಬೈಕುಲ್ಲಾದ ಪಾರ್ಲರಿಗೆ ಹೆಸರು ಕೊಡಲು ಬರುವುದಿಲ್ಲ, ನಿಜ. ಆದರೆ ರಾಜ್ಯ ಮಟ್ಟದಲ್ಲಿ ಆಡಿ ಪಳಗಿದ 41ರ ಗಟ್ಟಿಗರು ಬರುತ್ತಾರೆ. ಷಷ್ಟ್ಯಬ್ದಿ ಮುಗಿಸಿದ ಚಾಚಾರ ಮುಂದೆ ನಿಂತು, ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮೇಜು ಖಾಲಿ ಮಾಡುತ್ತಾರೆ. ಅದೂ 'ಹಿರಿಯರ ವಿಭಾಗ'ದ ಕಪ್ಪಿಗಾಗಿ.

ವಯಸ್ಸಿನ ದಾಖಲೆಯದ್ದೂ ಒಂದು ಕಥೆ. ನಮ್ಮ ಕಾಲದಲ್ಲಿ ಕರ್ನಾಟಕದ ಶಾಲೆಗೆ ಸೇರಿದ ಬಹಳ ಮಂದಿಯ ಹುಟ್ಟುಹಬ್ಬ ಜೂನ್ 1. ಒಂದನೇ ಕ್ಲಾಸಿಗೆ ವಯಸ್ಸು ಸಾಲದಿದ್ದರೆ ಹೆಡ್‌ಮಾಸ್ಟರರು ಪೆನ್ನಿನಲ್ಲೇ ಅದನ್ನು ತುಂಬಿಸಿಕೊಡುತ್ತಿದ್ದರು. ಅಮ್ಮನ ಲೆಕ್ಕದಲ್ಲಿ ನಾನು ಹುಟ್ಟಿದ್ದು ಮುಂದಿನ ವರ್ಷದ ಸೋಣೆ ತಿಂಗಳ ಮಳೆಯಲ್ಲಿ. ಆ ಜೂನ್ ಒಂದು ನನ್ನನ್ನು ಬೇಗ ಶಾಲೆಗೆ ಕಳಿಸಿತು, ಬೇಗ ನಿವೃತ್ತಿ ಮಾಡಿಸಿತು. 60 ತುಂಬಿದವರಿಗೆಂದು ಟೂರ್ನಮೆಂಟಿನಲ್ಲಿ ಒಂದು ವಿಭಾಗವಿದ್ದರೆ, ಅರ್ಜಿಯಲ್ಲಿ 'ಈ ವರ್ಷದ ಜನವರಿ 1ಕ್ಕೆ ತುಂಬಿದ ವಯಸ್ಸು' ಬರೆಯುವಾಗ ಅದು ಮೊದಲ ಸಲ ನನಗೆ ಲಾಭ ಮಾಡಿಕೊಡುತ್ತಿತ್ತು. ಹೆಡ್‌ಮಾಸ್ಟರರಿಗೆ ಇದು ಗೊತ್ತಾಗಿದ್ದರೆ ನಗುತ್ತಿದ್ದರು.

ಅಮೆರಿಕದಲ್ಲಿ 50 ತುಂಬಿದವರಿಗೆಂದೇ ವಿಭಾಗ ಮಾಡುವ ಹವ್ಯಾಸಿ ಕೂಟಗಳಿವೆ. ನನಗೆ ಹಿಡಿಸಿದ್ದು ಅವರ ಇನ್ನೊಂದು ಕ್ರಮ. ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್ನಿನ ಲೀಗಿನಲ್ಲಿ 8-ಬಾಲ್ ಆಡುವವರಿಗೆ 2ರಿಂದ 7ರವರೆಗೆ ದರ್ಜೆ ಕೊಡುತ್ತಾರೆ. 7ನೇ ದರ್ಜೆಯವನು 2ನೇ ದರ್ಜೆಯವನ ಎದುರು ಬಿದ್ದರೆ ಏಳರವನು 7 ಗೇಮ್ ಗೆಲ್ಲಬೇಕು. ಎರಡರವನಿಗೆ 2 ಸಾಕು. ತಂಡದಿಂದ ಆಡುವ ಐವರ ದರ್ಜೆ ಕೂಡಿದರೆ 23 ಮೀರುವಂತಿಲ್ಲ. ಘಟಾನುಘಟಿಗಳನ್ನೇ ಕೂಡಿಹಾಕಿ ತಂಡ ಕಟ್ಟುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಯಾರು ಆಡಬಹುದು, ಯಾರು ಬೇಡ ಎಂಬ ಜಗಳ ಬೈಕುಲ್ಲಾಕ್ಕೆ ಹೊಸತಲ್ಲ. 1833ರಲ್ಲಿ ಇಲ್ಲಿ ಶುರುವಾದ ಬೈಕುಲ್ಲಾ ಕ್ಲಬ್ ಬಿಳಿಯರದ್ದು. ಬಿಲಿಯರ್ಡ್ಸ್ ಮೇಜುಗಳು ಈ ದೇಶದಲ್ಲಿ ಬೇರೂರಿದ್ದು ಅಂಥ ಕ್ಲಬ್ಬುಗಳಲ್ಲಿ, ದಂಡಿನ ಮೆಸ್ಸುಗಳಲ್ಲಿ. ನಮ್ಮವರು ಒಳಗೆ ಹೋಗುತ್ತಿದ್ದರೆ ಬಟ್ಲರ್ ಆಗಿ, ಇಲ್ಲವೇ ಅಂಕ ಬರೆಯುವ ಮಾರ್ಕರ್ ಆಗಿ. ಕ್ಲಬ್ ಮುಚ್ಚಿ ಕಾಲವಾಯಿತು. ಕ್ಲಬ್ ಬ್ಯಾಕ್ ರೋಡ್ ಎಂಬ ಹೆಸರು ಉಳಿದಿದೆ. ಆಗ ಬಾಗಿಲಲ್ಲಿ ನೋಡುತ್ತಿದ್ದುದು ಬಣ್ಣ, ಈಗ ಕೇಳುವುದು ಹುಟ್ಟಿದ ತಾರೀಖು. ಇದು ಎಷ್ಟೋ ಮೇಲು. ಅದಕ್ಕೇ ಇದನ್ನು ಇನ್ನಷ್ಟು ಸರಿಮಾಡಿ ಎಂದು ಕೇಳುವ ಧೈರ್ಯ ಬಂದಿದೆ.

ಮುಂಬಯಿಯ ಪಾರ್ಲರುಗಳಲ್ಲಿ, ಸಂಘಗಳಲ್ಲಿ ಟೂರ್ನಮೆಂಟು ನಡೆಸುವ ಮಹನೀಯರೇ, ನಲವತ್ತರವರ ವಿಭಾಗ ಇರಲಿ, ಅದರ ಮೇಲೆ 60 ತುಂಬಿದವರಿಗೆ ಬೇರೆಯದೊಂದು ಮಾಡಿ. ರಾಜ್ಯವನ್ನು ಪ್ರತಿನಿಧಿಸಿದವರು ಅದಕ್ಕೆ ಹೆಸರು ಕೊಡುವುದಾದರೆ ಎದುರಿನವರಿಗೆ ಒಂದೆರಡು ಗೇಮ್ ಮುಂಗಡ ಬಿಟ್ಟುಕೊಡಲಿ. ಪಂದ್ಯವನ್ನು ರಾತ್ರಿ ಹನ್ನೊಂದಕ್ಕೆ ಇಡಬೇಡಿ, ಮಧ್ಯಾಹ್ನ ಮೂರಕ್ಕೆ ಇಡಿ. ಸಂಜೆಯ ಗರ್ದಿಗೆ ಮುಂಚೆ ರೈಲು ಹತ್ತಬೇಕಾದವರೂ ನಮ್ಮಲ್ಲಿದ್ದಾರೆ. ಮೇಜಿನ ಪಕ್ಕದಲ್ಲಿ ಬೆನ್ನು ಒರಗಿಸುವ ಎರಡು ಕುರ್ಚಿ ಹಾಕಿಸಿ. ಎಂಟ್ರಿ ಫೀಸಿನಲ್ಲಿ ರಿಯಾಯಿತಿ ಬೇಡ, ಪೂರ್ತಿ ಕೊಡುತ್ತೇವೆ.